ರಾಯಭಾರಿ ಓದಿದ ಪುಟ

“ಕಡಲು ಕಡೆಯುವಾಗ ಹಗ್ಗ ಹಿಡಿದು ಎಳೆದವರು ನಾವೂ ಹೌದು. ಅಮೃತ ಮಾತ್ರ ನಿಮ್ಮ ದೇವತೆಗಳಿಗೇ ಯಾಕೆ? ಹೇಳು ರಾಯಭಾರಿ.”

ಅಸುರರ ಅರಸನಾಗಿ ಹರಿಶ್ಚಂದ್ರ ರಾಯರು ಗುಡುಗಿದರು. ದೇವತೆಗಳ ರಾಯಭಾರಿಯಾಗಿ ಎದುರು ಕೂತಿದ್ದ ದೇವದಾಸನ ನಾಲಗೆ ಅಂಗುಳಕ್ಕೆ ಅಂಟಿತು. ಎಮರ್ಜೆನ್ಸಿ ಮುಗಿದ ವರ್ಷ, ಡೊಂಬಿವಲಿಯ ಶಾಲೆಯೊಂದರ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ. ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಮಾತು ನಿಂತರೆ ಮಾನ ಹೋಯಿತು ಅಂತಲೇ ಲೆಕ್ಕ.

ಕಳೆದ ವರ್ಷ ಅವನ ಮಾನ ಹಾಗೇ ಹೋಗಿತ್ತು. ಹೋಟೆಲಿನ ಗಲ್ಲಾದಲ್ಲಿ ಕೂತರೂ ಊರ ಕಡೆಯವರು ಬಿಡಲಿಲ್ಲ. “ಏನು ರಾಯಭಾರಿ, ನಿನ್ನ ಲೋಕಲ್ ರೈಲು ಠಾಣೆ ಸ್ಟೇಷನ್ ಮುಟ್ಟದೆ ಮುಂಬ್ರಾದಲ್ಲೇ ನಿಂತಿತಂತೆ,” ಎಂದು ಚುಚ್ಚಿದ್ದೇ ಚುಚ್ಚಿದ್ದು. ಪಾತ್ರ ಕೊಡುವವರೇ ಇಲ್ಲವಾದರು. ಕೊನೆಗೆ ರೈಲು ಹತ್ತಿ ಠಾಣೆಗೆ ಹೋಗಿ, ರಾಯರ ಮನೆ ಬಾಗಿಲಲ್ಲಿ ನಿಂತು, ತಾನು ಏನೇನು ಓದಬೇಕು ಎಂದು ಕೇಳಿದ್ದ.

“ಮೊದಲು ಪುರಾಣದ ಕಥೆಗಳನ್ನು ಗದ್ಯದಲ್ಲಿ ಓದು ಮಾರಾಯ. ಆಮೇಲೆ ಹಳಗನ್ನಡ ಕಾವ್ಯ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ತಿರುಗಾಮುರುಗಾ ಮಾಡಿದ್ರೆ ಎರಡೂ ದಕ್ಕುದಿಲ್ಲ,” ಎಂದ ರಾಯರು ತಮ್ಮದೇ ಕಪಾಟಿನ ಪುಸ್ತಕಗಳನ್ನು ಚೀಲಕ್ಕೆ ತುಂಬಿಸಿ ಕೊಟ್ಟಿದ್ದರು. ಈ ಸಲ ಅವನನ್ನೇ ಕೂರಿಸಿ ಎಂದು ತಾಳಮದ್ದಳೆ ಸಂಘದವರ ಬಳಿ ಹಟ ಹಿಡಿದವರೂ ಅವರೇ. ದೇವರಂಥ ಮನುಷ್ಯ.

ಓದಿದ್ದೆಲ್ಲ ಈಗ ಎಲ್ಲಿ ಹೋಯಿತೋ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮದ್ದಳೆಯವನು ಪಾಪ, ಅವನ ಮುಖ ನೋಡಲಾರದೆ ತಲೆ ತಗ್ಗಿಸಿದ.

ರಾಯರು ಶಾಲು ಸರಿಮಾಡಿಕೊಂಡರು. “ಇರಲಿ. ಕಡಲಿನಿಂದ ಮೊದಲು ಎದ್ದುಬಂದದ್ದು ಏನು? ಅದಾದರೂ ಗೊತ್ತುಂಟೋ?”

“ವಿಷ,” ಎಂದ ದೇವದಾಸ. ಎಂದದ್ದೇ ತಡ, ಓದಿದ ಪುಟ ಕಣ್ಣೆದುರು ತೆರೆದುಕೊಂಡಿತು. “ಹೌದು, ವಿಷ. ಅದು ಎದ್ದಾಗ ನಮಗೂ ಪಾಲು ಕೊಡಿ ಎಂದು ನಿಮ್ಮವರು ಒಬ್ಬರಾದರೂ ಮುಂದೆ ಬಂದರೇ? ವಿಷಕ್ಕೆ ಬೆನ್ನು ತೋರಿಸಿದವರು ಅಮೃತಕ್ಕೆ ಯಾವ ಮುಖ ಇಟ್ಟುಕೊಂಡು ಕೈಯೊಡ್ಡುತ್ತೀರಿ?”

ಚಪ್ಪಾಳೆಯೋ ಚಪ್ಪಾಳೆ. ರಾಯರು ಕೈಯೆತ್ತಿ ಸಭೆಯನ್ನು ಸುಮ್ಮನಿರಿಸಿದರು. “ರಾಯಭಾರಿ, ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ,” ಎಂದರು. ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರು.

ಎಲ್ಲ ಮುಗಿದ ಮೇಲೆ ದೇವದಾಸ ರಾಯರನ್ನು ಬಿಡಲು ಸ್ಟೇಷನ್‌ಗೆ ಬಂದ. ದಾರಿಯಲ್ಲಿ ಹೊಗಳಿದವರ ಮಾತು ಒಂದೂ ಅವನ ಕಿವಿಗೆ ಬಿದ್ದಿರಲಿಲ್ಲ.

“ರಾಯರೇ, ವಿಷಕ್ಕೆ ಹೆದರಿ ದೇವತೆಗಳೂ ಓಡಿದ್ರಲ್ಲ. ಕುಡಿದದ್ದು ಶಿವ ಒಬ್ಬನೇ. ನೀವು ಕೊಟ್ಟ ಪುಸ್ತಕದಲ್ಲಿ ಅದರ ಮುಂದಿನ ಪುಟದಲ್ಲೇ ಉಂಟು. ನೀವು ಅಷ್ಟು ಹೇಳಿದ್ರೆ ಇವತ್ತು ನನ್ನ ಕಥೆ ಅಲ್ಲಿಗೇ ಮುಗೀತಿತ್ತು.”

“ಓಹೋ, ಅಲ್ಲಿವರೆಗೆ ಓದಿದ್ದೀಯಾ?” ರಾಯರು ನಕ್ಕರು. ಗಾಡಿ ಬಂತು. ಹತ್ತಿ, ಬಾಗಿಲಿನ ಕಂಬಿ ಹಿಡಿದು ತಿರುಗಿ ನೋಡಿದರು.

“ಆ ಪುಟ ಸಮಾ ಬಾಯಿಪಾಠ ಮಾಡಿಟ್ಟುಕೋ. ನಾಳೆ ನಿನ್ನ ಎದುರು ಹೊಸಬ ಒಬ್ಬ ಬಂದು ಕೂತಾಗ, ಮರೀಲಿಕ್ಕೆ ಬೇಕಾಗ್ತದೆ.”