ಎಂಟು ಸೀಸದ ಸಿಪಾಯಿಗಳು

ಎಂಟನೆಯ ಸಿಪಾಯಿಯ ಬೂಟಿನ ಕೆಳಗೆ ತನ್ನದೇ ಅಡುಗೆಮನೆಯ ಮೇಜು ಕಂಡಾಗ ಸೊಸೆ ಕಂಪ್ಯೂಟರಿನತ್ತ ಬಾಗಿದಳು. ಫೋಟೋವನ್ನು ದೊಡ್ಡದು ಮಾಡಿದಳು. ಅನುಮಾನವೇ ಇಲ್ಲ, ಬಿಸಿ ಪಾತ್ರೆ ಇಟ್ಟು ತಾನೇ ಸುಟ್ಟ ಗುಂಡನೆಯ ಕಲೆ, ಅದರ ಪಕ್ಕದಲ್ಲೇ ಚಾಕುವಿನ ಗೀರು. 'ನಮ್ಮ ತಾತನ ಕಾಲದವು, ನೂರು ವರ್ಷ ಹಳೆಯ ಸೀಸದ ಸಿಪಾಯಿಗಳು' ಎಂದು ಮಾರಾಟಕ್ಕಿಟ್ಟ ಮಹಾಶಯರು ಮತ್ಯಾರೂ ಅಲ್ಲ, ಈಗ ಹಜಾರದಲ್ಲಿ ಶತಪಥ ಹಾಕುತ್ತಿರುವ ಅವಳ ಮಾವ.

ಹಳೆಯ ಆಟಿಕೆಗಳನ್ನು ಮಾರುವ ಆ ಆನ್‌ಲೈನ್ ಅಂಗಡಿಗೆ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದು ಅವಳ ಕೆಲಸ. ಪರೀಕ್ಷಕರ ಹೆಸರನ್ನು ಅಂಗಡಿ ಗುಟ್ಟಾಗಿಡುತ್ತದೆ. ಮನೆಯವರ ಪಾಲಿಗೂ ಅವಳದು ಬರೀ 'ಕಂಪ್ಯೂಟರ್ ಕೆಲಸ'. ತೀರ್ಪು ಕೊಡಲು ಇನ್ನು ಮುಕ್ಕಾಲು ಗಂಟೆ ಉಳಿದಿತ್ತು.

"ಏನಮ್ಮಾ, ಈ ಆನ್‌ಲೈನ್‌ನೋರು ಮೂರು ಗಂಟೆ ಅಂದ್ರೆ ಮೂರಕ್ಕೇ ಹೇಳ್ತಾರಾ?" ಮಾವ ಬಾಗಿಲಲ್ಲಿ ಇಣುಕಿದರು.

"ಏನನ್ನ ಮಾವ?"

"ಏನಿಲ್ಲ, ಸುಮ್ನೆ ಕೇಳ್ದೆ."

ಐದು ನಿಮಿಷಕ್ಕೆ ಮತ್ತೆ ಹಾಜರು. "ನೀರು ಬೇಕಾಗಿತ್ತು" ಎಂದರು. ಕೈಯಲ್ಲಿ ಆಗಲೇ ತುಂಬಿದ ಲೋಟವಿತ್ತು. ಅದು ತುಳುಕಿ ನೆಲ ಒದ್ದೆಯಾಯಿತು. ಕಾಲಿನಿಂದಲೇ ಒರೆಸಿ, ಏನೂ ಆಗದವರಂತೆ ಹೊರಟುಹೋದರು.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಅದು. ಹೋದ ವರ್ಷ ಮಗ, ಅಂದರೆ ಅವಳ ಗಂಡ, "ಅಪ್ಪಾ, ಕೈ ನಡುಗುತ್ತೆ, ಇನ್ನು ಸಾಕು ಮಾಡಿ" ಎಂದು ಅಂಗಡಿಯ ಬಾಗಿಲು ಹಾಕಿಸಿದ್ದ. ಅಂದಿನಿಂದ ಮಾವ ಮಹಡಿಯ ಕೋಣೆ ಸೇರಿದ್ದರು. ಅಲ್ಲಿ ಏನು ಮಾಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಬಣ್ಣದ ವಾಸನೆ ಮೂಗಿಗೆ ಬಡಿದಾಗಲೂ ಕೇಳಿರಲಿಲ್ಲ. ಈಗ ಅವಳಿಗೆ ನಾಚಿಕೆಯಾಯಿತು. ಬೆಲೆ ಬರೆಯುವ ಜಾಗವನ್ನು ಮಾವ ಖಾಲಿ ಬಿಟ್ಟಿದ್ದರು. ಮಾರುವುದು ಅವರಿಗೆ ಬೇಕಿರಲಿಲ್ಲ. ತಮ್ಮ ಕೈ ಇನ್ನೂ ಆ ಪಳಗಿದ ಕೈಯೇ ಹೌದೋ ಅಲ್ಲವೋ ಎಂದು ಕಸುಬು ಬಲ್ಲವರು ಯಾರಾದರೂ ಹೇಳಬೇಕಿತ್ತು.

ಮನೆಯವರ ವಸ್ತು ಬಂದರೆ ಇನ್ನೊಬ್ಬ ಪರೀಕ್ಷಕರಿಗೆ ದಾಟಿಸಬೇಕೆಂಬುದು ನಿಯಮ. ಇನ್ನೊಬ್ಬ ಎಂದರೆ ಕತ್ತರಿ. ಅವನಿಗೆ ಆ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ; 'ಕಳಪೆ ನಕಲಿ' ಎಂದು ಎರಡೇ ಪದ ಗೀಚಿ ಕೈತೊಳೆದುಕೊಳ್ಳುವ ಆಸಾಮಿ. ಅದನ್ನು ಓದಿದರೆ ಮಾವ ಇನ್ನೆಂದೂ ಬ್ರಶ್ ಹಿಡಿಯುವುದಿಲ್ಲ. ಹಾಗೆಂದು ತಾನೇ 'ಅಸಲಿ' ಎಂದು ಬರೆದರೆ ಯಾರೋ ಅಮಾಯಕರಿಗೆ ಟೋಪಿ ಹಾಕಿದಂತೆ, ಅವಳ ಕೆಲಸಕ್ಕೂ ಸಂಚಕಾರ. ದಾಟಿಸುವ ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಎದ್ದು ಕಿಟಕಿ ತೆರೆದಳು, ಕೂತಳು, ಎದ್ದು ಅದನ್ನೇ ಮುಚ್ಚಿದಳು. ಹಜಾರದಲ್ಲಿ ಚಪ್ಪಲಿಯ ಸಪ್ಪಳ ಆ ಗೋಡೆಯಿಂದ ಈ ಗೋಡೆಗೆ ಹೋಗಿ ಬರುತ್ತಲೇ ಇತ್ತು.

ಕೊನೆಗೆ ಮನಸ್ಸು ಗಟ್ಟಿ ಮಾಡಿ ಎಂಟೂ ಮುಖಗಳನ್ನು ಒಂದೊಂದಾಗಿ ಪರದೆಯ ತುಂಬ ಹಿಗ್ಗಿಸಿ ನೋಡಿದಳು. ಟೀ ಡಿಕಾಕ್ಷನ್ ಬಳಿದು ಹಳತು ಮಾಡಿದ ಬಣ್ಣ ಮೊದಲ ನೋಟಕ್ಕೆ ಅವಳನ್ನೂ ಏಮಾರಿಸುವಂತಿತ್ತು. ಆದರೆ ಹಿಂದಿನ ಕಾರ್ಖಾನೆಗಳಲ್ಲಿ ಒಬ್ಬೊಬ್ಬರು ದಿನಕ್ಕೆ ನೂರಾರು ಸಿಪಾಯಿಗಳಿಗೆ ಬಣ್ಣ ಹಚ್ಚಬೇಕಿತ್ತು. ಒಬ್ಬನ ಮೀಸೆ ಕೆನ್ನೆಗೆ ಏರಿರುತ್ತಿತ್ತು, ಇನ್ನೊಬ್ಬನ ಕಣ್ಣು ಮೂಗಿನ ಮೇಲೆ ಕೂತಿರುತ್ತಿತ್ತು. ಆ ಅವಸರವೇ ಅಸಲಿಯ ಗುರುತು. ಇಲ್ಲಿ ಎಂಟೂ ಜನರ ಮೀಸೆ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅವರಲ್ಲಿ ಡೋಲು ಹೊತ್ತವನ ಡೋಲಿನ ಹಗ್ಗದ ಒಂದೊಂದು ಎಳೆಯೂ ನೇರವಾಗಿತ್ತು. ಆ ಕೈಯನ್ನು ಯಾವುದಕ್ಕೆ ಆನಿಸಿ, ಎಷ್ಟು ದಿನ ಉಸಿರು ಬಿಗಿಹಿಡಿದು ಕೂತಿದ್ದರೋ! ಅವಳ ಕಣ್ಣು ತುಂಬಿ ಬಂತು.

ಮೂರಕ್ಕೆ ಎರಡು ನಿಮಿಷವಿರುವಾಗ ಬರೆದು ಕಳುಹಿಸಿಯೇಬಿಟ್ಟಳು. ಕಳುಹಿಸಿದ ಮೇಲೆ ನಿಯಮ ಮುರಿದ ಭಯ ಶುರುವಾಯಿತು. ಅಷ್ಟರಲ್ಲಿ ಹಜಾರದಲ್ಲಿ ಫೋನು ಟಿಂಗ್ ಎಂದಿತು. ಚಪ್ಪಲಿಯ ಸಪ್ಪಳ ನಿಂತಿತು. ತಡೆಯಲಾರದೆ ಅವಳೇ ಎದ್ದು ಹೋದಳು.

ಮಾವ ಕುರ್ಚಿಯ ತುದಿಯಲ್ಲಿ ಕೂತು ಫೋನನ್ನು ಎರಡೂ ಕೈಗಳಿಂದ ಅದುಮಿ ಹಿಡಿದಿದ್ದರು. "ಅಕ್ಷರ ಒಂದ್ಕಡೆ ನಿಲ್ತಾನೇ ಇಲ್ಲ. ಸ್ವಲ್ಪ ಓದ್ತೀಯಾ?"

ತಾನೇ ಬರೆದದ್ದನ್ನು ಈಗಷ್ಟೇ ಕಂಡವಳಂತೆ ಅವಳು ಓದಿದಳು. "ತೀರ್ಪು: ನಕಲಿ."

"ಸಿಕ್ಕಿಬಿದ್ದೆ ಬಿಡು." ಮಾವನ ಮುಖ ಇಳಿದುಹೋಯಿತು. ಯಾವುದರ ತೀರ್ಪು ಎಂದು ಸೊಸೆ ಕೇಳಲಿಲ್ಲ ಎಂಬುದೂ ಅವರ ಗಮನಕ್ಕೆ ಬರಲಿಲ್ಲ.

"ಇನ್ನೂ ಇದೆ ಮಾವ, ಕೇಳಿ. ಕಾರಣ: ಯಾವ ಕಾರ್ಖಾನೆಯಲ್ಲೂ ಇಷ್ಟು ಚೆನ್ನಾಗಿ ಬಣ್ಣ ಹಚ್ಚುವವರು ಇರಲಿಲ್ಲ. ಎಂಟು ಸಿಪಾಯಿಗಳಲ್ಲಿ ಒಂದೇ ಒಂದು ಕಡೆಯೂ ಕೈ ನಡುಗಿಲ್ಲ."

"ಇನ್ನೊಂದ್ಸಲ ಓದು."

ಓದಿದಳು. ಮಾವ ಎದ್ದರು, ಅಂಗಿಯ ತೋಳು ಸರಿಮಾಡಿಕೊಂಡರು, ಬಾಗಿಲವರೆಗೆ ಹೋಗಿ ತಿರುಗಿ ಬಂದರು.

"ಸಂಜೆ ನಿನ್ನ ಗಂಡ ಬರ್ತಾನಲ್ಲ, ಅವನ ಎದುರಿಗೂ ಇದನ್ನ ನೀನೇ ಓದಮ್ಮ. ನಾನು ಹಿಡ್ಕೊಂಡ್ರೆ ಫೋನು ಅಲ್ಲಾಡುತ್ತೆ."