ಎಡಮೂಲೆಯ ಏಳು ಹೊಲಿಗೆ

ವಕೀಲರ ನೋಟಿಸನ್ನು ಸೊಸೆ ಎರಡನೇ ಸಲ ಓದಿ ಮುಗಿಸುವ ಹೊತ್ತಿಗೆ ಅಜ್ಜ ಯಾರದೋ ಹಾಸಿಗೆಯ ಒಂದು ಮಗ್ಗುಲನ್ನು ಪೂರಾ ಹೊಲಿದಿದ್ದ. ಓದುವಾಗ ಅವಳು ನಾಲ್ಕು ಕಡೆ ತಡವರಿಸಿದ್ದಳು. ಅಜ್ಜನ ದಬ್ಬಳ ಮಾತ್ರ ಒಂದು ಸಲವೂ ತಡೆದು ನಿಂತಿರಲಿಲ್ಲ.

ನೋಟಿಸು ಕೊಡಿಸಿದವನು ಔಷಧಿ ಅಂಗಡಿಯ ಯಜಮಾನ. ಅವನ ತಾಯಿಯ ಹಾಸಿಗೆ ಎರಡು ತಿಂಗಳ ಹಿಂದೆ ಅಜ್ಜನಲ್ಲಿಗೆ ಬಂದಿತ್ತು. ಇದ್ದ ಹತ್ತಿಯನ್ನೇ ಹಿಂಜಿ, ಮತ್ತೆ ತುಂಬಿ ಹೊಲಿದುಕೊಟ್ಟಿದ್ದ. ಹೋದ ವಾರ ಆ ತಾಯಿ ತೀರಿಕೊಂಡಳು. ಕಣ್ಣು ಮುಚ್ಚುವ ಮುಂಚೆ, ನನ್ನ ಚಿನ್ನದ ಸರ ಹಾಸಿಗೆಯೊಳಗಿದೆ ಅಂದಳಂತೆ. ಮಗ ಮೇಲಿಂದ ತಡಕಿದರೆ ಕೈಗೆ ಸಿಗಲಿಲ್ಲವಂತೆ. ಹತ್ತಿಯನ್ನೆಲ್ಲ ಹೊರಗೆ ತೆಗೆದು ತುಂಬಿದವನು ಅಜ್ಜ, ಅಂದಮೇಲೆ ಸರ ಕದ್ದವನೂ ಅವನೇ ಎಂದು ವಕೀಲರು ಬರೆದಿದ್ದರು. ಅಷ್ಟಕ್ಕೇ ಬಿಟ್ಟಿರಲಿಲ್ಲ. ಹಾಸಿಗೆಯನ್ನು ಬೇಕಂತಲೇ ವಾರಗಟ್ಟಲೆ ಇಟ್ಟುಕೊಂಡ, ಕೇಳಲು ಬಂದವರನ್ನು ಗದರಿಸಿ ಕಳಿಸಿದ, ಹಳೆಯ ಒಳ್ಳೆಯ ಹತ್ತಿ ಎತ್ತಿಟ್ಟುಕೊಂಡು ಕಸದ ಹತ್ತಿ ತುಂಬಿದ ಅಂತಲೂ ಇತ್ತು. ಹದಿನೈದು ದಿನದೊಳಗೆ ಸರ ತಂದೊಪ್ಪಿಸದಿದ್ದರೆ ಪೊಲೀಸು, ಕೋರ್ಟು.

"ಕಸದ ಹತ್ತಿ ಅಂತ ಬರೆದಿದ್ದಾರಾ?" ಅಜ್ಜ ಕೇಳಿದ.

"ಮಾವ, ನಿಮ್ಮನ್ನ ಕಳ್ಳ ಅಂತ ಬರೆದಿದ್ದಾರೆ. ನೀವು ನೋಡಿದ್ರೆ ಹತ್ತಿ ಹಿಡ್ಕೊಂಡು ಕೂತಿದ್ದೀರಿ."

ಸೊಸೆಯ ಸಂಕಟ ಸುಳ್ಳಲ್ಲ. ಜನ ತಾವು ಮಲಗುವ ಹಾಸಿಗೆಯನ್ನು ಹಿಂದೆಮುಂದೆ ನೋಡದೆ ಇಲ್ಲಿ ಬಿಟ್ಟುಹೋಗುತ್ತಿದ್ದರು. ಆ ನಂಬಿಕೆಯೇ ಅಂಗಡಿ. ಉಳಿದದ್ದು ಒಂದು ದಬ್ಬಳ, ಒಂದು ಚಾಪೆ. ಪೊಲೀಸರು ಒಂದು ಸಲ ಬಾಗಿಲಿಗೆ ಬಂದು ಹೋದರೆ ಸಾಕು, ಮಾರನೆಯ ದಿನದಿಂದ ಒಂದು ದಿಂಬು ಕೊಡುವವರೂ ಇರುವುದಿಲ್ಲ.

ಅಜ್ಜ ದಾರ ಕಡಿದು ತಲೆಯೆತ್ತಿದ. ಅವನಿಗೆ ತಿಳಿಯಬೇಕಾಗಿದ್ದದ್ದು ಒಂದೇ ಸಂಗತಿ. "ಆ ಹಾಸಿಗೆ ಈಗ ಎಲ್ಲಿದೆ ಅಂತ ಏನಾದ್ರೂ ಬರೆದಿದ್ದಾರಾ ನೋಡಮ್ಮ. ಸತ್ತವರದ್ದು ಅಂತ ಯಾರಿಗಾದ್ರೂ ಕೊಟ್ಟುಬಿಟ್ಟಿದ್ರೆ ಕಷ್ಟ."

ಸೊಸೆ ಬೆರಳಿಟ್ಟು ಹುಡುಕಿದಳು. ಎರಡನೆಯ ಪುಟದ ಕೊನೆಯಲ್ಲಿತ್ತು: ಸದರಿ ಹಾಸಿಗೆಯನ್ನು ಸಾಕ್ಷ್ಯವೆಂದು ನಮ್ಮ ಕಕ್ಷಿದಾರರು ಕೋಣೆಯಲ್ಲಿಟ್ಟು ಬೀಗ ಹಾಕಿರುತ್ತಾರೆ.

ಅಜ್ಜನ ಮುಖ ಸಡಿಲವಾಯಿತು. "ವಕೀಲರು ಒಂದು ಒಳ್ಳೆ ಕೆಲಸ ಮಾಡಿಸಿದ್ದಾರೆ."

ಆಮೇಲೆ ನಿಧಾನಕ್ಕೆ ನೆನಪು ಮಾಡಿಕೊಟ್ಟ. ಸೊಸೆಗೆ ಗೊತ್ತಿದ್ದ ಪದ್ಧತಿಯೇ; ಗಾಬರಿಯಲ್ಲಿ ಮರೆತಿದ್ದಳು. ಹತ್ತಿಯೊಳಗೆ ಸಿಕ್ಕಿದ್ದನ್ನು ಅಜ್ಜ ಎಂದೂ ಹೊರಗೆ ಇಟ್ಟವನಲ್ಲ. ಪಿನ್ನು, ಗುಂಡಿ, ಓಲೆಯ ತಿರುಪು, ಏನಿದ್ದರೂ ಪುಟ್ಟ ಬಟ್ಟೆಚೀಲಕ್ಕೆ ಹಾಕಿ, ಕಾಲ ಕಡೆಯ ಎಡಮೂಲೆಯಲ್ಲಿಟ್ಟು, ಮೇಲೆ ಕೆಂಪು ದಾರದಲ್ಲಿ ಏಳು ಹೊಲಿಗೆ ಹಾಕುತ್ತಿದ್ದ. ಹಾಸಿಗೆಯಲ್ಲಿ ಸಿಕ್ಕಿದ್ದು ಹಾಸಿಗೆಗೇ ವಾಪಸು. ಆ ತಾಯಿಯ ಹಾಸಿಗೆಯಲ್ಲಿ ಇಂಥ ಚೂರುಪಾರಿನ ಜೊತೆ ಕರವಸ್ತ್ರದ ಗಂಟೊಂದೂ ಸಿಕ್ಕಿತ್ತು. ಕೈಗೆ ಭಾರವೆನಿಸಿದರೂ ಬಿಚ್ಚಿ ನೋಡಿರಲಿಲ್ಲ. ಪರರ ಗಂಟು ಬಿಚ್ಚುವ ಅಭ್ಯಾಸ ಅವನಿಗಿಲ್ಲ. ಹಾಗೇ ಹೊಲಿದು, ಹಾಸಿಗೆ ಒಪ್ಪಿಸುವಾಗ ಆಕೆಯ ಕೈಯಿಂದಲೇ ಆ ಮೂಲೆ ಮುಟ್ಟಿಸಿದ್ದ. "ಅಲ್ಲೇ ಇರಲಿ ಬಿಡಪ್ಪ" ಅಂದಿದ್ದಳು ಆಕೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸೊಸೆ ಉತ್ತರ ಬರೆಯಲು ಕೂತಳು. ಸಿಟ್ಟಿನ ಭರದಲ್ಲಿ ಒಂದೂವರೆ ಪುಟವಾಯಿತು. ಮಾನನಷ್ಟ, ಕ್ಷಮಾಪಣೆ, ದೇವರಿದ್ದಾನೆ, ಎಲ್ಲ ಬಂದುಹೋದವು. ಅಜ್ಜ ಪೂರ್ತಿ ಓದಿಸಿಕೊಂಡು, "ಗಂಟು ಗಂಟಾಗಿದೆಯಮ್ಮ, ಇನ್ನೂ ಒಂಚೂರು ಹಿಂಜು" ಅಂದ. ಒಂದೊಂದೇ ಸಾಲು ಹೊಡೆದುಹಾಕಿಸಿದ. ಕೊನೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋದದ್ದು ಇಷ್ಟು: "ಕಾಲ ಕಡೆ ಎಡಮೂಲೆ. ಕೆಂಪು ದಾರದ ಏಳು ಹೊಲಿಗೆ ಬಿಚ್ಚಿ ನೋಡುವುದು. ನೋಡಿದ ಮೇಲೆ ಹೊಲಿಸಲು ನನ್ನಲ್ಲಿಗೇ ತರುವುದು. ಹತ್ತಿ ಆ ತಾಯಿಯವರ ಹಳೆಯದ್ದೇ."

ಐದನೆಯ ದಿನ ಬೆಳಿಗ್ಗೆ ಔಷಧಿ ಅಂಗಡಿಯವನು ತಾನೇ ಹಾಸಿಗೆ ಹೊತ್ತುಕೊಂಡು ಬಂದ. ಸರ ಸಿಕ್ಕಿತು ಅಂದ. ವಕೀಲರು ಸ್ವಲ್ಪ ಜಾಸ್ತಿಯೇ ಬರೆದುಬಿಟ್ಟರು ಅಂತಲೂ ಅಂದ, ನೆಲ ನೋಡುತ್ತ. ಹೊಲಿಗೆ ಬಿಚ್ಚುವಷ್ಟು ತಾಳ್ಮೆ ಇಲ್ಲದೆ ಮೂಲೆಯ ಬಟ್ಟೆಯನ್ನೇ ಬ್ಲೇಡಿನಲ್ಲಿ ಕೊಯ್ದಿದ್ದರು. ಅಜ್ಜ ಕೊಯ್ದ ಅಂಚನ್ನು ಬೆರಳಲ್ಲಿ ಸವರಿ ನೋಡಿದ. ಚೀಲದಲ್ಲಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡ. ಎರಡು ಪಿನ್ನು, ಒಂದು ಗುಂಡಿ, ಒಂದು ಹಾಲುಹಲ್ಲು.

"ಹಲ್ಲು ಯಾರದ್ದು?"

ಅವನು ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದ. "ನಂದೇ ಇರಬೇಕು. ಅಮ್ಮಂಗೆ ನಾನೊಬ್ಬನೇ." ಆಮೇಲೆ ಮೆಲ್ಲಗೆ ಹೇಳಿದ, "ಇನ್ನು ಈ ಹಾಸಿಗೆ ಮೇಲೆ ನಾನೇ ಮಲಗ್ತೀನಿ ಅಜ್ಜ."

ಅಜ್ಜ ತಲೆದೂಗಿ, ಕೊಯ್ದ ಕಡೆ ತೇಪೆ ಕೊಟ್ಟ. ಪಿನ್ನು, ಗುಂಡಿ, ಹಲ್ಲು ಚೀಲಕ್ಕೆ ಹೋದವು. ಬಳಿಕ ಸೊಸೆಯ ಕಡೆ ಕೈಚಾಚಿ ವಕೀಲರ ನೋಟಿಸು ಇಸಿದುಕೊಂಡ. ಅದನ್ನು ಚಿಕ್ಕದಾಗಿ ಮಡಿಸಿ, ಹಲ್ಲಿನ ಪಕ್ಕಕ್ಕೆ ತುರುಕಿ, ಚೀಲವನ್ನು ಮೂಲೆಗಿಟ್ಟು ದಬ್ಬಳಕ್ಕೆ ಕೆಂಪು ದಾರ ಪೋಣಿಸಿದ.

"ಅದ್ಯಾಕೆ ಅಜ್ಜ, ಅದರೊಳಗೆ?" ಔಷಧಿ ಅಂಗಡಿಯವನು ಕೇಳಿದ.

"ನಿಮ್ಮ ಮನೆಯಿಂದ ಬಂದದ್ದೇ ಅಲ್ವಾ." ಏಳನೆಯ ಹೊಲಿಗೆ ಎಳೆದು, ಅಜ್ಜ ಹಲ್ಲಿನಿಂದ ದಾರ ಕಡಿದ. "ಚುಚ್ಚಲ್ಲ, ಮಲಗಿ. ಹತ್ತಿ ಒಳ್ಳೇದು."