ಥೋವಾಳ ಹತ್ತು ಬೆರಳು

ನನಗೆ ಮರೆವು ಅಂತ ಯಾರ್ರೀ ಹೇಳಿದ್ದು? ಹೋದ ಸಲ ಈ ಕಥೆ ಹೇಳುವಾಗ ವ್ಯಾನು ನೀಲಿಯೋ ಹಸಿರೋ ಅಂತ ಕಿಸಕ್ಕೆಂದವರು ಕಿವಿ ತೆರೆದು ಕೇಳಿ. ವ್ಯಾನು ಹಸಿರು, ವರ್ಷ ತೊಂಬತ್ತೊಂದು, ವಾರ ಮಂಗಳವಾರ. ಪರೀಕ್ಷೆಗೆ ತಲೆ ಕೊಟ್ಟವನು ನಾನು. ನಿಮ್ಮಲ್ಲಿ ಯಾರಾದರೂ ಅಲ್ಲಿದ್ದಿರಾ? ಇಲ್ಲ ತಾನೇ? ಹಾಗಾದರೆ ಸುಮ್ಮನಿರಿ.

ಅಮೆರಿಕದ ನಮ್ಮೂರು ವೆಸ್ಟ್‌ಮಿನ್‌ಸ್ಟರಿನಿಂದ ಲಾಸ್ ಏಂಜಲೀಸಿಗೆ ಹೊರಟ ಆ ವ್ಯಾನಿನಲ್ಲಿ ಬ್ಯೂಟಿ ಸ್ಕೂಲಿನ ಐದು ಹುಡುಗಿಯರಿದ್ದರು. ಎಲ್ಲರೂ ನಮ್ಮ ವಿಯೆಟ್ನಾಮಿನವರೇ. ಲೈಸೆನ್ಸಿನ ಸರ್ಕಾರಿ ಪರೀಕ್ಷೆಗೆ ಪ್ರತಿ ಹುಡುಗಿಯೂ ಒಂದು ಜೀವಂತ ತಲೆಯನ್ನು ಜೊತೆಗೆ ತರಬೇಕು. ಹರೆಯದವರೆಲ್ಲ ಕೆಲಸಕ್ಕೆ ಹೋಗಿರುವಾಗ ಸಿಗುವುದು ನಮ್ಮಂಥ ಮುದಿತಲೆಗಳೇ. ಮನೆಯಲ್ಲಿ ಏಳನೆಯವನು ಅಂತ ನಮ್ಮವರಿಗೆಲ್ಲ ನಾನು ಏಳನೇ ದೊಡ್ಡಪ್ಪ. ನನಗಾಗ ಐವತ್ತೈದು, ಕೆಲಸ ಹೋಗಿತ್ತು, ತಲೆ ತುಂಬ ಕೂದಲಿತ್ತು. ಥೋವಾ ಅನ್ನುವ ಹುಡುಗಿಯ ಪಾಲಿನ ತಲೆ ನನ್ನದು. ನಗಬೇಡಿ.

ನ್ಯುಂಗ್ ಟೀಚರು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ದಾರಿಯುದ್ದಕ್ಕೂ ಕೂಗುತ್ತಿದ್ದರು.

"ಕೆಳಗೆ ಬಿದ್ದ ಬಾಚಣಿಗೆ?"

"ಮುಟ್ಟಲ್ಲ!"

"ನಿಮ್ಮ ಮೂಗು ತುರಿಸಿಕೊಂಡ್ರೆ?"

"ಮತ್ತೆ ಕೈ ತೊಳೀತೀವಿ!"

"ಥೋವಾ, ನೀನು?"

"ಮಾತಾಡಲ್ಲ, ಟೀಚರ್."

"ತಲೆ ಕೊಟ್ಟೋರ ಹತ್ರ ಒಂದಕ್ಷರ ಆಡಿದ್ರೂ ಆಚೆ ಕಳಿಸ್ತಾರೆ. ನೀವೂ ಅಷ್ಟೇ, ಏಳನೇ ದೊಡ್ಡಪ್ಪ!"

"ನಾನಾ? ನಾನು ಯಾವತ್ತು ಮಾತಾಡಿದೀನಿ?" ಎಂದೆ. ಡ್ರೈವರೂ ಸೇರಿ ಇಡೀ ವ್ಯಾನು ನಕ್ಕಿತು. ಥೋವಾ ಮಾತ್ರ ನಗಲಿಲ್ಲ.

ಬೊಂಬೆಯ ತಲೆ ಕೊಟ್ಟರೆ ಸ್ಕೂಲಿನಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ಆದರೆ ಹಿರಿಯರ ತಲೆಗೆ ಕೈ ಹಾಕುವುದು ನಮ್ಮವರಲ್ಲಿ ದೊಡ್ಡ ಅಗೌರವ. ಇವಳು ಅಜ್ಜಿ ಸಾಕಿದ ಹುಡುಗಿ, ಆ ಭಯ ರಕ್ತದಲ್ಲೇ ಇತ್ತು. ಮೊದಲ ಸಲ ಪರೀಕ್ಷೆಯಲ್ಲಿ "ಮುಟ್ಲಾ ಅಜ್ಜಿ?" ಎಂದು ಕೇಳಿಬಿಟ್ಟಳು, ಹೊರಗೆ ಹಾಕಿದರು. ಎರಡನೇ ಸಲ ಬಾಯಿ ಬಿಗಿಹಿಡಿದಳು, ಆದರೆ ಬೆರಳುಗಳು ನೊಣ ನಡೆದಂತೆ ನಡೆದವು, ಫೇಲಾದಳು. ಇದು ಮೂರನೆಯದು. ಗಾರ್ಡನ್ ಗ್ರೋವಿನ ಒಂದು ಪಾರ್ಲರಿನಲ್ಲಿ ಅವಳಿಗಾಗಿ ಶುಕ್ರವಾರದ ತನಕ ಒಂದು ಕುರ್ಚಿ ಖಾಲಿ ಇಟ್ಟಿದ್ದರು. ಇದೂ ಹೋದರೆ ಮತ್ತೆ ಹೊಲಿಗೆ ಕಾರ್ಖಾನೆ, ಮತ್ತೆ ಪ್ಯಾಂಟಿನ ಜೇಬು.

"ದೊಡ್ಡಪ್ಪ, ಎಲ್ಲದಕ್ಕೂ ಸೇರಿಸಿ ಈಗ್ಲೇ ಅಪ್ಪಣೆ ಕೊಟ್ಬಿಡಿ," ಎಂದು ಕಿವಿಯಲ್ಲಿ ಹೇಳಿದಳು.

"ಕೊಟ್ಟೆ ಕಣೇ. ಬೇಕಿದ್ರೆ ತಲೆನೇ ಕಿತ್ಕೊಂಡು ಹೋಗು!"

ಪರೀಕ್ಷೆಯ ಹಾಲಿನೊಳಗೆ ಎಲ್ಲ ಸಲೀಸಾಗಿ ನಡೆಯಿತು. ಕತ್ತರಿ ಹಿಡಿದಳು, ಸುರುಳಿ ಸುತ್ತಿದಳು, ಒಂದು ಬಾಚಣಿಗೆಯೂ ಬೀಳಲಿಲ್ಲ. ನನ್ನ ನಾಲಿಗೆ ಮಾತ್ರ ತುರಿಸಿ ತುರಿಸಿ ಸಾಯುತ್ತಿತ್ತು. ಆಮೇಲೆ ತಲೆ ಮಸಾಜು ಶುರು ಮಾಡಿ ಎಂದು ಕೂಗಿದರು. ಸಾಲಿನಲ್ಲಿದ್ದ ಹುಡುಗಿಯರೆಲ್ಲ ಕೈ ಹಾಕಿದರು. ನನ್ನ ತಲೆಯ ಮೇಲೆ ಏನೂ ಬರಲಿಲ್ಲ.

ಕನ್ನಡಿಯಲ್ಲಿ ನೋಡಿದೆ. ಕ್ರೀಮು ಹಚ್ಚಿದ ಹತ್ತು ಬೆರಳು ಗಾಳಿಯಲ್ಲೇ ನಿಂತಿದ್ದವು. ಪರೀಕ್ಷಕಿ, ಬಾಗಿಲಷ್ಟು ಎತ್ತರದ ಅಮೆರಿಕನ್ ಹೆಂಗಸು, ಎರಡು ಕುರ್ಚಿ ಆಚೆ ಬರೆದುಕೊಳ್ಳುತ್ತ ಬರುತ್ತಿದ್ದಳು. ಥೋವಾಳ ತುಟಿ ಬಿಚ್ಚಿಕೊಳ್ಳತೊಡಗಿತು. ಕೇಳಿಯೇಬಿಡುತ್ತಾಳೆ ಮಾರಾಯ್ರೇ! ನಾನು ಬಾಯಿ ಬಿಟ್ಟರೂ ಅವಳು ಮುಳುಗಿದಳು. ಏನು ಮಾಡಲಿ? ಗದ್ದವನ್ನು ಎದೆಗೆ ಒತ್ತಿ ತಲೆ ಬಗ್ಗಿಸಿದೆ. ಹೊಸ ವರ್ಷದ ದಿನ ಮಕ್ಕಳು ಹಿರಿಯರ ಮುಂದೆ ಬಗ್ಗುತ್ತಾರಲ್ಲ, ಹಾಗೆ. ಐವತ್ತೈದರ ನಾನು, ಇಪ್ಪತ್ತರ ಹುಡುಗಿಗೆ!

ಬಿತ್ತು ನೋಡಿ ಕೈ! ಹಿಟ್ಟು ನಾದಿದ ಹಾಗೆ ನಾದಿದಳು. ಕತ್ತಿನ ಬುಡದಿಂದ ನೆತ್ತಿಯ ತನಕ ಒತ್ತಿ ಒತ್ತಿ ಏರಿದಳು. ಅಷ್ಟರಲ್ಲಿ ನನಗೇನೋ ಆಯಿತು. ಚಿಕ್ಕಂದಿನಲ್ಲಿ ನಮ್ಮಮ್ಮ ಚಕ್ಕೋತದ ಸಿಪ್ಪೆ ಕುದಿಸಿದ ನೀರಿನಲ್ಲಿ ನನ್ನ ತಲೆ ತಿಕ್ಕುತ್ತಿದ್ದಳು. ಅಲುಗಿದರೆ ಬೆನ್ನಿಗೊಂದು ಗುದ್ದು. ಹತ್ತೊಂಬತ್ತಕ್ಕೆ ನಾನು ಸೈನ್ಯಕ್ಕೆ ಹೊರಟ ಬೆಳಿಗ್ಗೆ ಕೊನೆಯ ಸಲ ತಿಕ್ಕಿದ್ದು. ಆಮೇಲೆ ಯಜಮಾನನಾದೆ, ಹಿರಿಯನಾದೆ, ತಲೆಗೆ ಯಾರೂ ಕೈ ಇಡಲಿಲ್ಲ. ಕ್ಷೌರದವನು ಮುಟ್ಟುತ್ತಿದ್ದ, ಅದು ಬೇರೆ.

ಕಣ್ಣೀರು ಧಾರಾಕಾರವಾಗಿ ಇಳಿಯಿತು. ಒರೆಸಿಕೊಳ್ಳುವ ಹಾಗಿಲ್ಲ, ಅಲುಗಾಡುವಂತಿಲ್ಲ. ಪರೀಕ್ಷಕಿ ಸರಕ್ಕನೆ ಬಂದು ನನ್ನ ಮುಖದ ಮುಂದೆ ಬಗ್ಗಿದಳು. ಕ್ರೀಮು ಕಣ್ಣಿಗೆ ಹೋಗಿದ್ದರೆ ಹುಡುಗಿ ಅಲ್ಲೇ ಫೇಲು. ಥೋವಾಳ ಮುಖ ಸುಣ್ಣವಾಯಿತು, ಆದರೆ ಕೈ ನಿಲ್ಲಲಿಲ್ಲ.

"ಕಣ್ಣಿಗೆ ಏನಾದ್ರೂ ಹೋಯ್ತಾ? ನನಗೆ ಹೇಳಬಹುದು," ಎಂದಳು ಪರೀಕ್ಷಕಿ, ಇಂಗ್ಲಿಷಿನಲ್ಲಿ.

ಬೆಳಗಿನಿಂದ ಹೊಟ್ಟೆಯೊಳಗೆ ಕಟ್ಟಿಟ್ಟ ಮಾತು ಮೂಟೆಗಟ್ಟಲೆ ಇತ್ತು. ಆ ಭಾಷೆಯಲ್ಲಿ ನನಗೆ ಸಿಕ್ಕಿದ್ದು ಇಷ್ಟೇ:

"ಇಲ್ಲ. ನನ್ನಮ್ಮ."

ಆ ಹೆಂಗಸು ನೆಟ್ಟಗೆ ನಿಂತಳು. ನನ್ನನ್ನು ನೋಡಲಿಲ್ಲ, ಥೋವಾಳ ಬೆರಳುಗಳನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಏನೋ ಬರೆದುಕೊಂಡು ಮುಂದಿನ ಕುರ್ಚಿಗೆ ಹೋದಳು.

ಪಾಸು! ಹಸಿರು ವ್ಯಾನು ಕುಣಿದುಕೊಂಡು ಊರಿಗೆ ಬಂತು, ಶುಕ್ರವಾರ ಥೋವಾ ಗಾರ್ಡನ್ ಗ್ರೋವಿನ ಆ ಕುರ್ಚಿಯ ಹಿಂದೆ ನಿಂತಿದ್ದಳು.

ನಿಮ್ಮ ಮಗಳೋ ಮೊಮ್ಮಗಳೋ ಬ್ಯೂಟಿ ಸ್ಕೂಲಿಗೆ ಸೇರಿದ್ದರೆ ಇದನ್ನು ಅವಳ ಫೋನಿಗೆ ಕಳಿಸಿ. ಕತ್ತರಿ, ಬಾಚಣಿಗೆ, ಕೈ ತೊಳೆಯುವುದು, ಅದನ್ನೆಲ್ಲ ಟೀಚರು ಹೇಳಿಕೊಡುತ್ತಾರೆ. ನೀವು ಇಷ್ಟು ಹೇಳಿ: ಗಟ್ಟಿಯಾಗಿ ಒತ್ತು ಮಗಳೇ, ಆ ಕುರ್ಚಿಯಲ್ಲಿ ಕೂತವರನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿದೆಯೋ.